ಚಿಕಿತ್ಸೆಯಲ್ಲಿ ತಪ್ಪಾದಾಗ: ಹಾಸನ ಜಿಲ್ಲೆಯ ರೋಗಿಗಳಿಗಿರುವ ಕಾನೂನಿನ ದಾರಿಗಳು

ಆಸ್ಪತ್ರೆಯಲ್ಲಿ ಆಗಬಾರದ್ದು ಆಗಿಹೋದಾಗ ಕುಟುಂಬದವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ನೆಂಟರಿಷ್ಟರನ್ನೆಲ್ಲ ಕರೆಸಿ ಆಸ್ಪತ್ರೆಯ ಬಾಗಿಲಲ್ಲಿ ಗಲಾಟೆ ಮಾಡುವುದು ಒಂದು. ‘ನಮ್ಮ ಹಣೆಬರಹ ಇಷ್ಟೇ’ ಎಂದು ರೋಗಿಯನ್ನೋ ಶವವನ್ನೋ ಊರಿಗೆ ತಂದು ಸುಮ್ಮನಾಗುವುದು ಇನ್ನೊಂದು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ಮತ್ತು ಆಸ್ಪತ್ರೆಯ ಆಸ್ತಿ ಹಾನಿಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯಿದೆಯೇ ಇರುವುದರಿಂದ, ಗಲಾಟೆ ಮಾಡಿದ ದಿನವೇ ನೊಂದವರು ಆರೋಪಿಗಳಾಗಿ ಠಾಣೆಯಲ್ಲಿ ಕೂರಬೇಕಾಗುತ್ತದೆ. ಸುಮ್ಮನಾದವರು ಆರೆಂಟು ತಿಂಗಳ ನಂತರ ಯಾರದೋ ಮಾತು ಕೇಳಿ ವಕೀಲರ ಬಳಿ ಬರುವಾಗ ಅವರ ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿಯ ಒಂದು ಹಾಳೆ ಬಿಟ್ಟರೆ ಬೇರೇನೂ ಇರುವುದಿಲ್ಲ. ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣಗಳು ನ್ಯಾಯಾಲಯದ ವಾದದಲ್ಲಿ ಸೋಲುವುದಕ್ಕಿಂತ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ ಕಾಗದ ಹಿಡಿದಿಟ್ಟುಕೊಳ್ಳದ ಕಾರಣಕ್ಕೆ ಸೋಲುತ್ತವೆ. ಆದ್ದರಿಂದ ಈ ಲೇಖನದಲ್ಲಿ ಕಾನೂನಿಗಿಂತ ಮೊದಲು ಕಾಗದದ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಚಿಕಿತ್ಸೆ ಫಲಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಕಾನೂನು ವೈದ್ಯರನ್ನು ಹೊಣೆ ಮಾಡುವುದಿಲ್ಲ. ಅದೇ ಅರ್ಹತೆಯ, ಸಾಮಾನ್ಯ ಎಚ್ಚರಿಕೆಯುಳ್ಳ ಇನ್ನೊಬ್ಬ ವೈದ್ಯರು ಆ ಸಂದರ್ಭದಲ್ಲಿ ಮಾಡುತ್ತಿದ್ದುದನ್ನು ಇವರು ಮಾಡಲಿಲ್ಲವೇ, ಹಾಗೆ ಮಾಡದೇ ಇದ್ದುದರಿಂದಲೇ ಈ ಹಾನಿ ಆಯಿತೇ ಎಂಬ ಎರಡು ಪ್ರಶ್ನೆಗಳಿಗೂ ಹೌದು ಎಂಬ ಉತ್ತರ ಬೇಕು. ಎರಡು ಒಪ್ಪಿತ ಚಿಕಿತ್ಸಾ ಕ್ರಮಗಳಿದ್ದು, ವೈದ್ಯರು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಅದು ಕೈಕೊಟ್ಟರೆ ಅದು ನಿರ್ಲಕ್ಷ್ಯವಲ್ಲ. ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗುಲುವುದು ತಾನಾಗಿ ನಿರ್ಲಕ್ಷ್ಯವಲ್ಲ. ಆದರೆ ಮೂರು ದಿನ ಜ್ವರ ಏರುತ್ತಿರುವುದು ಚಾರ್ಟಿನಲ್ಲಿ ದಾಖಲಾಗಿದ್ದರೂ ಯಾರೂ ಗಾಯ ಬಿಚ್ಚಿ ನೋಡದೇ ಇದ್ದರೆ ಅದು ನಿರ್ಲಕ್ಷ್ಯವಾಗುತ್ತದೆ.

ಕೆಲವು ಪ್ರಕರಣಗಳಲ್ಲಿ ಹೆಚ್ಚಿನ ವಿವರಣೆಯೇ ಬೇಕಾಗುವುದಿಲ್ಲ. ಹೊಟ್ಟೆಯೊಳಗೆ ಬಟ್ಟೆ ಉಳಿದುಹೋಗುವುದು, ಬಲಗಾಲಿನ ಬದಲು ಎಡಗಾಲಿಗೆ ಆಪರೇಷನ್ ಮಾಡುವುದು, ಬೇರೆ ಗುಂಪಿನ ರಕ್ತ ಕೊಡುವುದು, ಅಲರ್ಜಿ ಇದೆಯೆಂದು ಚೀಟಿಯಲ್ಲಿ ಬರೆದಿದ್ದರೂ ಅದೇ ಇಂಜೆಕ್ಷನ್ ಚುಚ್ಚುವುದು ಈ ಬಗೆಯವು. ಇಂಥಲ್ಲಿ ಘಟನೆಯೇ ತಪ್ಪನ್ನು ಹೇಳುತ್ತದೆಂದೂ, ಎಲ್ಲ ಪ್ರಕರಣಗಳಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲವೆಂದೂ ಸುಪ್ರೀಂ ಕೋರ್ಟ್ 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿತು. ಹೋಮಿಯೋಪಥಿ ವೈದ್ಯರೊಬ್ಬರು ಅಲೋಪಥಿ ಔಷಧ ಕೊಟ್ಟಿದ್ದ ಪೂನಂ ವರ್ಮಾ ಪ್ರಕರಣದಲ್ಲಿ, ತನಗೆ ಅರ್ಹತೆಯಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯವೆಂದು 1996ರಲ್ಲೇ ತೀರ್ಪಾಗಿದೆ. ಹಳ್ಳಿಗಳಲ್ಲಿ ಬೋರ್ಡಿನ ಮೇಲೆ ಒಂದು ಪದವಿ ಬರೆದುಕೊಂಡು ಒಳಗೆ ಡ್ರಿಪ್ ಹಾಕುವ ಕ್ಲಿನಿಕ್ಕುಗಳ ವಿಷಯದಲ್ಲಿ ಈ ತೀರ್ಪನ್ನು ನೆನಪಿಡಬೇಕು.

ಒಪ್ಪಿಗೆಯ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟ ಮಹಿಳೆಯ ಗರ್ಭಕೋಶವನ್ನು ಆಕೆಯ ಒಪ್ಪಿಗೆಯಿಲ್ಲದೆ ತೆಗೆದ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಒಂದು ಕ್ರಿಯೆಗೆ ಪಡೆದ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಜೀವಕ್ಕೇ ಅಪಾಯವಿದ್ದು ಕಾಯಲು ಸಮಯವಿಲ್ಲದ ಸಂದರ್ಭ ಮಾತ್ರ ಇದಕ್ಕೆ ಹೊರತು. ಆದ್ದರಿಂದ ನೀವು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಯಾವ ಶಸ್ತ್ರಚಿಕಿತ್ಸೆಯ ಹೆಸರಿತ್ತು, ಅದು ನಿಮಗೆ ತಿಳಿಯುವ ಭಾಷೆಯಲ್ಲಿತ್ತೇ, ಖಾಲಿ ಜಾಗಗಳನ್ನು ಆಮೇಲೆ ತುಂಬಿದ್ದಾರೆಯೇ ಎಂಬುದನ್ನು ಗಮನಿಸಿ.

ದಾಖಲೆಗಳನ್ನು ಕೈಗೆ ತೆಗೆದುಕೊಳ್ಳುವುದು

ಡಿಸ್ಚಾರ್ಜ್ ಸಮ್ಮರಿ ಎಂಬುದು ಆಸ್ಪತ್ರೆ ತನ್ನ ಕಡೆಯಿಂದ ಬರೆದ ಸಾರಾಂಶ ಮಾತ್ರ. ನಡೆದದ್ದೆಲ್ಲ ಇರುವುದು ಕೇಸ್ ಶೀಟಿನಲ್ಲಿ: ವೈದ್ಯರ ಟಿಪ್ಪಣಿ, ಔಷಧದ ಆದೇಶ, ನರ್ಸ್‌ಗಳು ಗಂಟೆಗಂಟೆಗೆ ಬರೆದ ವಿವರ, ಜ್ವರ–ನಾಡಿ–ರಕ್ತದೊತ್ತಡದ ಚಾರ್ಟು, ಆಪರೇಷನ್ ಟಿಪ್ಪಣಿ, ಅರಿವಳಿಕೆಯ ಟಿಪ್ಪಣಿ, ಒಪ್ಪಿಗೆ ಪತ್ರ. ಹೆರಿಗೆಯ ಪ್ರಕರಣವಾದರೆ ಮಗುವಿನ ಹೃದಯ ಬಡಿತದ ದಾಖಲೆ ಮತ್ತು ಹೆರಿಗೆಯ ಪ್ರಗತಿಯನ್ನು ಗುರುತಿಸುವ ನಕ್ಷೆಯನ್ನು ಹೆಸರು ಹೇಳಿಯೇ ಕೇಳಬೇಕು. ‘ಎಲ್ಲ ದಾಖಲೆ’ ಎಂದು ಬರೆದರೆ ಅವೆರಡೂ ಬಿಟ್ಟುಹೋಗುವ ಸಂಭವ ಹೆಚ್ಚು.

ರೋಗಿಯಾಗಲಿ ರೋಗಿ ಒಪ್ಪಿದ ವ್ಯಕ್ತಿಯಾಗಲಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡತೆ ನಿಯಮಾವಳಿಯ 1.3.2ನೇ ನಿಯಮ ಹೇಳುತ್ತದೆ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕೆಂಬುದು ಅದೇ ನಿಯಮಾವಳಿಯಲ್ಲಿದೆ. ಬಾಯಿಮಾತಿನಲ್ಲಿ ಕೇಳಿದರೆ ‘ಡಾಕ್ಟರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಸಿಗುವುದೇ ಹೆಚ್ಚು. ಹಾಗಾಗಿ ಬರೆದೇ ಕೊಡಿ. ಪತ್ರ ಇಷ್ಟಿದ್ದರೆ ಸಾಕು:

‘ದಿನಾಂಕ … ರಿಂದ … ರವರೆಗೆ ತಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದ ನನ್ನ ಪತ್ನಿ …, ಒಳರೋಗಿ ಸಂಖ್ಯೆ …, ಇವರ ಸಂಪೂರ್ಣ ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ, ಔಷಧ ಚಾರ್ಟು, ಆಪರೇಷನ್ ಹಾಗೂ ಅರಿವಳಿಕೆ ಟಿಪ್ಪಣಿ, ಒಪ್ಪಿಗೆ ಪತ್ರ, ಎಲ್ಲ ಪರೀಕ್ಷಾ ವರದಿಗಳು, ಎಕ್ಸ್‌ರೇ ಮತ್ತು ಸ್ಕ್ಯಾನ್ ಚಿತ್ರಗಳು ಹಾಗೂ ಬಿಲ್ಲುಗಳ ದೃಢೀಕೃತ ಪ್ರತಿಗಳನ್ನು 2002ರ ವೃತ್ತಿ ನಡತೆ ನಿಯಮಾವಳಿಯ 1.3.2ನೇ ನಿಯಮದಂತೆ 72 ಗಂಟೆಗಳೊಳಗೆ ಒದಗಿಸಬೇಕೆಂದು ಕೋರುತ್ತೇನೆ. ಇದಕ್ಕೆ ಪತ್ನಿಯವರ ಒಪ್ಪಿಗೆಯ ಸಹಿಯನ್ನು ಲಗತ್ತಿಸಿದ್ದೇನೆ. ನಕಲಿನ ವೆಚ್ಚವನ್ನು ಪಾವತಿಸಲು ಸಿದ್ಧನಿದ್ದೇನೆ.’

ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ದಿನಾಂಕ, ಸಾಧ್ಯವಾದರೆ ಸಮಯವನ್ನೂ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅಲ್ಲೇ ವಾದಿಸುತ್ತ ನಿಲ್ಲದೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ರಸೀದಿಯನ್ನೂ ತಲುಪಿದ ವಿವರವನ್ನೂ ಇಟ್ಟುಕೊಳ್ಳಿ. ದಾಖಲೆ ಕೊಡದ ಆಸ್ಪತ್ರೆ ಏನನ್ನೋ ಮುಚ್ಚಿಡುತ್ತಿದೆ ಎಂದು ಮುಂದೆ ಗ್ರಾಹಕ ಆಯೋಗದ ಎದುರು ವಾದಿಸಲು ಈ ರಸೀದಿಯೇ ಆಧಾರವಾಗುತ್ತದೆ. ಸರ್ಕಾರಿ ಆಸ್ಪತ್ರೆಯಾದರೆ ಇದೇ ಮನವಿಯ ಜೊತೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿಯನ್ನೂ ಹಾಕಬಹುದು. ಅದಕ್ಕೆ 30 ದಿನಗಳೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕಾದ್ದರಿಂದ ಕಥೆ ಬರೆಯದೆ ದಾಖಲೆಗಳ ಪಟ್ಟಿಯನ್ನಷ್ಟೇ ಬರೆಯಿರಿ.

ಇಲ್ಲಿ ಜನ ಕಡೆಗಣಿಸುವ ಒಂದು ಕಾಗದದ ಬಗ್ಗೆ ವಿಶೇಷವಾಗಿ ಹೇಳಬೇಕು. ಆಸ್ಪತ್ರೆಯ ಮೆಡಿಕಲ್ ಶಾಪಿನ ಬಿಲ್ಲಿನ ಮೇಲೆ ದಿನಾಂಕದ ಜೊತೆಗೆ ಸಮಯವೂ ಅಚ್ಚಾಗಿರುವುದುಂಟು. ‘ಬೆಳಿಗ್ಗೆ 10ಕ್ಕೆ ಆಂಟಿಬಯಾಟಿಕ್ ಕೊಡಲಾಯಿತು’ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದು, ಆ ಔಷಧವನ್ನು ನಿಮ್ಮಿಂದ ತರಿಸಿದ ಬಿಲ್ಲಿನಲ್ಲಿ ಸಂಜೆ 6 ಗಂಟೆ 12 ನಿಮಿಷ ಎಂದಿದ್ದರೆ, ಕೇಸ್ ಶೀಟನ್ನು ಆಮೇಲೆ ಬರೆದಿದ್ದಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ. ಇಂಥ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಅಂದೇ ಜೆರಾಕ್ಸ್ ಮಾಡಿಸಿ. ಅದೇ ರೀತಿ ವೈದ್ಯರಿಗೋ ನರ್ಸಿಗೋ ಮಾಡಿದ ಕರೆಗಳ ಪಟ್ಟಿ, ವಾಟ್ಸಾಪ್ ಸಂದೇಶ, ಆಂಬ್ಯುಲೆನ್ಸ್ ಬಿಲ್ಲು, ರೆಫರ್ ಮಾಡಿದ ಚೀಟಿ ಇವುಗಳಲ್ಲೆಲ್ಲ ಸಮಯವಿದೆ. ಸಂದೇಶಗಳಿರುವ ಮೊಬೈಲನ್ನು ಮಾರುವುದಾಗಲಿ ರೀಸೆಟ್ ಮಾಡುವುದಾಗಲಿ ಬೇಡ. ಅವುಗಳ ಮುದ್ರಿತ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಔಷಧ ಅಥವಾ ಡ್ರಿಪ್ ಬಾಟಲಿಯ ಮೇಲೇ ಅನುಮಾನವಿದ್ದರೆ ಬ್ಯಾಚ್ ಸಂಖ್ಯೆಯ ಫೋಟೋ ತೆಗೆದಿಡಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾವನ್ನಪ್ಪಿದಾಗ ರಾಜ್ಯದಾದ್ಯಂತ ಚರ್ಚೆಯಾದದ್ದು ಶಸ್ತ್ರಚಿಕಿತ್ಸೆಯ ಜೊತೆಗೆ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟವೂ ಹೌದು. ಅಂಥ ಸಂದರ್ಭದಲ್ಲಿ ಹೊಣೆ ತಯಾರಕರ ಮೇಲೂ ಬೀಳುತ್ತದೆ.

ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸುವ ಗಡಿಬಿಡಿಯಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಹಾಳೆಗೆ ಸಹಿ ಹಾಕಿಸಿಕೊಳ್ಳುವುದುಂಟು. ನಿಜವಾಗಿ ಅವರೇ ಕಳಿಸುತ್ತಿದ್ದರೆ ಸಹಿಯ ಕೆಳಗೆ ‘ವೈದ್ಯರೇ ಬೇರೆಡೆಗೆ ಕರೆದೊಯ್ಯಲು ಹೇಳಿದ್ದಾರೆ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ಸಮಯ ಹಾಕಿ.

ಸಾವು ಸಂಭವಿಸಿದ್ದರೆ

ಇದು ಹೇಳಲು ಕಷ್ಟದ ಮಾತಾದರೂ ಹೇಳಲೇಬೇಕು: ಮರಣೋತ್ತರ ಪರೀಕ್ಷೆಗೆ ಒಪ್ಪಿಕೊಳ್ಳಿ. ‘ಕೊಯ್ಯಿಸುವುದು ಬೇಡ’ ಎಂಬ ಹಿರಿಯರ ಮಾತಿಗೆ ಮಣಿದು ಶವವನ್ನು ಒಯ್ದು ಸಂಸ್ಕಾರ ಮಾಡಿಬಿಟ್ಟರೆ, ಸಾವಿಗೆ ಕಾರಣ ಏನೆಂಬುದಕ್ಕೆ ಆಸ್ಪತ್ರೆ ಬರೆದುಕೊಟ್ಟದ್ದೇ ಕೊನೆಯ ಮಾತಾಗಿ ಉಳಿಯುತ್ತದೆ. ಹೂಳುವ ಪದ್ಧತಿಯಿದ್ದವರಿಗೆ ಶವ ಹೊರತೆಗೆಸುವ ದಾರಿಯಾದರೂ ಉಳಿದಿರುತ್ತದೆ. ಸುಟ್ಟವರಿಗೆ ಅದೂ ಇಲ್ಲ. ಆಸ್ಪತ್ರೆ ಇರುವ ಸರಹದ್ದಿನ ಠಾಣೆಗೆ ಲಿಖಿತ ದೂರು ಕೊಟ್ಟರೆ ಅಸಹಜ ಸಾವಿನ ಪ್ರಕರಣ, ಅಂದರೆ ಪೊಲೀಸರ ಮಾತಿನ ಯುಡಿಆರ್, ದಾಖಲಾಗಿ ಸರ್ಕಾರಿ ವೈದ್ಯರಿಂದ ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಚಿಕಿತ್ಸೆ ನಡೆದ ಆಸ್ಪತ್ರೆಯಲ್ಲದೆ ಬೇರೆ ಕಡೆ ಪರೀಕ್ಷೆ ಮಾಡಿಸಬೇಕು, ವಿಡಿಯೋ ಚಿತ್ರೀಕರಣ ಆಗಬೇಕು, ಅಂಗಾಂಶದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಆ ದೂರಿನಲ್ಲೇ ಬರೆಯಿರಿ.

ಬಿಲ್ಲು ಬಾಕಿಯಿದೆಯೆಂದು ಖಾಸಗಿ ಆಸ್ಪತ್ರೆ ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ, ಎಲ್ಲರ ಬಾಯಲ್ಲಿರುವ ಹೆಸರಿನಲ್ಲಿ ಕೆಪಿಎಂಇ ಕಾಯಿದೆಗೆ, 2017ರಲ್ಲಿ ಆದ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿದೆ.

ಇನ್ನೊಬ್ಬ ವೈದ್ಯರಿಗೆ ತೋರಿಸುವುದು

ದಾಖಲೆ ಕೈಗೆ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ನಡೆದದ್ದು, ಅಲ್ಲಿದ್ದವರು, ಅದಕ್ಕಿರುವ ಕಾಗದ ಎಂದು ಬರೆಯುತ್ತ ಹೋಗಿ. ನಿಮಗೆ ನೆನಪಿರುವುದು ಒಂದು, ಕೇಸ್ ಶೀಟಿನಲ್ಲಿರುವುದು ಇನ್ನೊಂದು ಎಂದಾದಲ್ಲಿ ಎರಡನ್ನೂ ಬರೆದಿಡಿ. ನಿಮ್ಮದೇ ಸರಿಯೆಂದು ತಿದ್ದಬೇಡಿ. ನಂತರ ಅದೇ ವಿಭಾಗದ ತಜ್ಞರೊಬ್ಬರಿಗೆ ತೋರಿಸಬೇಕು. ಊರಿನ ವೈದ್ಯರೆಲ್ಲ ಒಬ್ಬರಿಗೊಬ್ಬರು ಪರಿಚಿತರಾದ ಹಾಸನದಂಥ ಕಡೆ ಬರವಣಿಗೆಯಲ್ಲಿ ಅಭಿಪ್ರಾಯ ಕೊಡುವವರು ಸಿಗುವುದು ಕಷ್ಟವೇ. ಮೈಸೂರು, ಬೆಂಗಳೂರಿನ ತಜ್ಞರನ್ನೋ ನಿವೃತ್ತ ಪ್ರಾಧ್ಯಾಪಕರನ್ನೋ ಕೇಳುವುದು ಮೇಲು. ‘ಇವರು ತಪ್ಪು ಮಾಡಿದ್ದಾರೆಯೇ’ ಎಂದು ಕೇಳಿದರೆ ಹಿಂಜರಿಯುವ ವೈದ್ಯರು, ‘ಇಂಥ ಲಕ್ಷಣವಿದ್ದಾಗ ಸಾಮಾನ್ಯವಾಗಿ ಯಾವ ಪರೀಕ್ಷೆ, ಎಷ್ಟು ಹೊತ್ತಿನೊಳಗೆ ಮಾಡಿಸುತ್ತಾರೆ’ ಎಂದು ಕೇಳಿದರೆ ಉತ್ತರಿಸುತ್ತಾರೆ. ನಿಮ್ಮ ಪ್ರಕರಣದಲ್ಲಿ ಹುರುಳಿಲ್ಲವೆಂದು ಅವರೇ ಹೇಳಿದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಪರಿಹಾರದ ಮುಖ್ಯ ದಾರಿ: ಗ್ರಾಹಕ ಆಯೋಗ

ನಿಮಗೆ ಬೇಕಾದದ್ದು ಹಣಕಾಸಿನ ಪರಿಹಾರವಾದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೇ ಮೊದಲ ಆಯ್ಕೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2019ರ ಹೊಸ ಕಾಯಿದೆಯಲ್ಲೂ ಅದೇ ಸ್ಥಿತಿ ಮುಂದುವರಿದಿದೆ. ಹಳೆಯ ಕಾಯಿದೆಯಲ್ಲಿ ಆಸ್ಪತ್ರೆ ಇರುವ ಜಿಲ್ಲೆಯನ್ನು ಹುಡುಕಿಕೊಂಡು ಹೋಗಬೇಕಿತ್ತು. 2019ರ ಕಾಯಿದೆಯ 34ನೇ ಕಲಮಿನಂತೆ ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಕಲೇಶಪುರ, ಆಲೂರು, ಬೇಲೂರಿನ ಕಡೆಯಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವರಿಗೂ, ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಹೋಗುವವರಿಗೂ ಇದು ದೊಡ್ಡ ಅನುಕೂಲ. ಚಿಕಿತ್ಸೆ ಎಲ್ಲೇ ಆಗಿರಲಿ, ದೂರು ಹಾಸನದಲ್ಲಿ. ಮೂಡಿಗೆರೆ, ಕೊಪ್ಪದವರಾದರೆ ಚಿಕ್ಕಮಗಳೂರಿನಲ್ಲಿ.

ಯಾವ ಮಟ್ಟದ ಆಯೋಗ ಎಂಬುದನ್ನು ನೀವು ಕೇಳುವ ಪರಿಹಾರವಲ್ಲ, ಚಿಕಿತ್ಸೆಗೆ ಕೊಟ್ಟ ಹಣ ನಿರ್ಧರಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಬಂದ ನಿಯಮದಂತೆ 50 ಲಕ್ಷ ರೂಪಾಯಿವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ನಮ್ಮ ಜಿಲ್ಲೆಯ ಬಹುಪಾಲು ಆಸ್ಪತ್ರೆ ಬಿಲ್ಲುಗಳು ಮೊದಲ ಹಂತದೊಳಗೇ ಬರುವುದರಿಂದ ಹಣವಿಲ್ಲವೆಂದು ದೂರು ಕೈಬಿಡುವ ಅಗತ್ಯವಿಲ್ಲ.

ಕಾಲಮಿತಿ 2 ವರ್ಷ. ಎಲ್ಲಿಂದ ಎಣಿಸಬೇಕೆಂಬುದೇ ಅನೇಕರು ಎಡವುವ ಜಾಗ. ಹಾನಿ ಅಂದೇ ಕಣ್ಣಿಗೆ ಬಿದ್ದಿದ್ದರೆ ಅಂದಿನಿಂದ. ಒಳಗೆ ಉಳಿದ ವಸ್ತುವಿನಂತೆ ತಡವಾಗಿ ತಿಳಿದರೆ ತಿಳಿದ ದಿನದಿಂದ. ಆದರೆ ಇದಕ್ಕೊಂದು ಕೊಕ್ಕೆಯಿದೆ. 1993ರಲ್ಲಿ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಗಿ, ಒಳಗೆ ಉಳಿದಿದ್ದ ಗಾಜ್ ಬಟ್ಟೆ 2002ರಲ್ಲಿ ಪತ್ತೆಯಾದ ವಿ.ಎನ್. ಶ್ರೀಖಂಡೆ ಪ್ರಕರಣದಲ್ಲಿ ದೂರುದಾರರು ಸ್ವತಃ ನರ್ಸ್ ಆಗಿದ್ದರು. ವರ್ಷಗಟ್ಟಲೆ ನೋವಿದ್ದರೂ ಅವರು ವೈದ್ಯರನ್ನು ಕಾಣದೆ ಕಳೆದದ್ದು ಒಪ್ಪುವಂಥದ್ದಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ದೂರನ್ನು ಕಾಲಮಿತಿ ಮೀರಿದ್ದೆಂದು ವಜಾ ಮಾಡಿತು. ಶಸ್ತ್ರಚಿಕಿತ್ಸೆಯ ನಂತರ ನೋವು ನಿಲ್ಲದಿದ್ದರೆ ಮಾತ್ರೆ ನುಂಗಿ ಸಹಿಸಿಕೊಂಡಿರದೆ ತೋರಿಸಿ, ತೋರಿಸಿದ್ದಕ್ಕೆ ಚೀಟಿ ಇಟ್ಟುಕೊಳ್ಳಿ. ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆಯಾದರೂ ಅದನ್ನೇ ನಂಬಿಕೊಂಡು ಕೂರುವುದು ತರವಲ್ಲ.

ದೂರನ್ನು ಕನ್ನಡದಲ್ಲೇ ಬರೆಯಬಹುದು. ದೂರುದಾರರ ಮತ್ತು ಎದುರುದಾರರ ವಿಳಾಸ, ದಿನಾಂಕವಾರು ಘಟನೆ, ಎಲ್ಲಿ ತಪ್ಪಾಯಿತೆಂಬ ನಿಖರ ಆರೋಪ, ಕೇಳುವ ಪರಿಹಾರ, ದಾಖಲೆಗಳ ಪಟ್ಟಿ, ಪ್ರಮಾಣಪತ್ರ (ಅಫಿಡವಿಟ್) ಇಷ್ಟು ಇರಬೇಕು. ರೋಗಿ ತೀರಿಕೊಂಡಿದ್ದರೆ ವಾರಸುದಾರರು, ಮಗುವಾದರೆ ತಂದೆತಾಯಿ ದೂರು ಕೊಡಬಹುದು. ಎದುರುದಾರರಾಗಿ ಆಸ್ಪತ್ರೆಯನ್ನು ತಪ್ಪದೇ ಸೇರಿಸಿ. ಯಾವ ವೈದ್ಯರು ಯಾವ ಪಾಳಿಯಲ್ಲಿದ್ದರೆಂದು ರೋಗಿಗೆ ತಿಳಿಯುವ ಸಾಧ್ಯತೆ ಕಡಿಮೆಯೆಂಬುದನ್ನು ಸುಪ್ರೀಂ ಕೋರ್ಟ್ 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಒಪ್ಪಿಕೊಂಡು, ಆಸ್ಪತ್ರೆಯೇ ಉತ್ತರದಾಯಿ ಎಂದಿದೆ. ನನ್ನ ಅಭಿಪ್ರಾಯದಲ್ಲೂ ಅದೇ ನ್ಯಾಯ: ರಾತ್ರಿ ಪಾಳಿಯಲ್ಲಿ ಒಬ್ಬರೇ ಡ್ಯೂಟಿ ಡಾಕ್ಟರನ್ನು ಬಿಟ್ಟು ಇಡೀ ವಾರ್ಡು ನಡೆಸುವ ಆಡಳಿತದ ತಪ್ಪನ್ನು ಆ ಒಬ್ಬ ಕಿರಿಯ ವೈದ್ಯರ ತಲೆಗೆ ಕಟ್ಟುವುದರಿಂದ ಪ್ರಯೋಜನವಿಲ್ಲ.

ಪರಿಹಾರದ ಮೊತ್ತವನ್ನು ಬಾಯಿಗೆ ಬಂದಂತೆ ಬರೆಯಬೇಡಿ. ಆಸ್ಪತ್ರೆ ಖರ್ಚು, ಮುಂದಿನ ಚಿಕಿತ್ಸೆ, ಆರೈಕೆಗೆ ನಿಂತವರು ಕಳೆದುಕೊಂಡ ಕೂಲಿ, ರೋಗಿಯ ದುಡಿಮೆಯ ನಷ್ಟ, ನೋವು–ಸಂಕಟ ಎಂದು ಒಂದೊಂದಕ್ಕೂ ಲೆಕ್ಕ ಕೊಡಿ. ಕಾಫಿ ತೋಟದ ಕೂಲಿ ಚೀಟಿ, ಹಾಲಿನ ಡೇರಿಯ ಪಾಸ್ ಪುಸ್ತಕ, ಬ್ಯಾಂಕ್ ಖಾತೆಯ ವಿವರ ಇವೆಲ್ಲ ಆದಾಯದ ಪುರಾವೆಗಳೇ. ಸಮರ್ಥಿಸಿಕೊಂಡ ಲೆಕ್ಕಕ್ಕೆ ಬೆಲೆ ಸಿಗುತ್ತದೆ: ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕಾಲುಗಳ ಶಕ್ತಿ ಕಳೆದುಕೊಂಡ ಪ್ರಶಾಂತ್ ಧನಂಕ ಅವರು ಸುಪ್ರೀಂ ಕೋರ್ಟಿನಲ್ಲಿ ತಮ್ಮ ಪ್ರಕರಣವನ್ನು ತಾವೇ ವಾದಿಸಿದರು, 2009ರಲ್ಲಿ ಅವರಿಗೆ 1 ಕೋಟಿ ರೂಪಾಯಿ ಪರಿಹಾರ ಮಂಜೂರಾಯಿತು.

ಈಗ ಇ–ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ದಾಖಲಿಸಬಹುದು. ಗೊಂದಲವಿದ್ದರೆ 1915ಕ್ಕೆ ಕರೆ ಮಾಡಿ ಕೇಳಬಹುದು. ದೂರು ಅಂಗೀಕಾರವಾಗಬೇಕೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನಗಳಲ್ಲಿ ತೀರ್ಮಾನಿಸಬೇಕು. ನೋಟಿಸು ತಲುಪಿದ ಮೇಲೆ ಆಸ್ಪತ್ರೆಗೆ ಲಿಖಿತ ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. 45 ದಿನ ದಾಟಿದರೆ ಆಯೋಗಕ್ಕೂ ಅದನ್ನು ವಿಸ್ತರಿಸುವ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಆದ್ದರಿಂದ ನೋಟಿಸು ಜಾರಿಯಾದ ದಿನಾಂಕವನ್ನು ಬರೆದಿಟ್ಟುಕೊಂಡು ಎಣಿಸಿ. ಎದುರು ಕಡೆಯ ವೈದ್ಯರಿಗೆ ಲಿಖಿತ ಪ್ರಶ್ನಾವಳಿ ಕೊಟ್ಟು ಉತ್ತರ ಕೇಳಲು ಅನುಮತಿ ಪಡೆಯಬಹುದು. ಮೇಲೆ ಹೇಳಿದ ಬಿಲ್ಲಿನ ಸಮಯದಂಥ ಅಂಶಗಳು ಕೆಲಸಕ್ಕೆ ಬರುವುದು ಇಲ್ಲೇ. ಸಾವು ಅಥವಾ ತೀವ್ರ ಗಾಯವಾದ ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣಗಳನ್ನು 2020ರ ಮಧ್ಯಸ್ಥಿಕೆ ನಿಯಮಗಳು ಮಧ್ಯಸ್ಥಿಕೆಯಿಂದ ಹೊರಗಿಟ್ಟಿರುವುದರಿಂದ, ಅಲ್ಲಿಗೆ ಹೋಗಿ ಕೂತು ಮುಗಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಈ ನಿಯಮವನ್ನು ತೋರಿಸಿ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಬಯಸಿದರೂ ವಾಸ್ತವದಲ್ಲಿ ವರ್ಷಗಳೇ ಹಿಡಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಬೇಕು. ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ ಮೇಲ್ಮನವಿಗೆ 45 ದಿನ. ಹಣ ಕೊಡಬೇಕಾದವರು ಮೇಲ್ಮನವಿ ಹೋದರೆ ಅರ್ಧ ಮೊತ್ತವನ್ನು ಮೊದಲು ಠೇವಣಿ ಇಡಬೇಕು.

ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ವೈದ್ಯಕೀಯ ಪ್ರಕರಣಗಳಲ್ಲಿ ಅನುಭವಿ ವಕೀಲರ ನೆರವು ಪಡೆಯುವುದೇ ಒಳಿತು. ‘ಬಂದ ಪರಿಹಾರದಲ್ಲಿ ಇಷ್ಟು ಪಾಲು’ ಎಂದು ಶುಲ್ಕ ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಹೊಣೆ, ಸಹಾಯವಾಣಿ 15100.

ಸರ್ಕಾರಿ ಆಸ್ಪತ್ರೆಯಾದರೆ

ಎಲ್ಲರಿಗೂ ಸಂಪೂರ್ಣ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ ಉಳಿಯುತ್ತದೆ. ಹೊರರೋಗಿ ಚೀಟಿಗೆ ಕೊಟ್ಟ ಹೆಸರಿಗಷ್ಟೇ ಇರುವ ನೋಂದಣಿ ಶುಲ್ಕದಿಂದ ಈ ಸ್ಥಿತಿ ಬದಲಾಗದು. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ ಎಂದು ಶಾಂತಾ ತೀರ್ಪು ಹೇಳುತ್ತದೆ. ಹಾಗಾಗಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಾಗಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಾಗಲಿ, ಅಲ್ಲಿ ಹಣ ಪಾವತಿಸುವ ವಾರ್ಡು ಅಥವಾ ಸೇವೆ ಇತ್ತೇ ಎಂಬುದನ್ನು ಮೊದಲು ಮಾಹಿತಿ ಹಕ್ಕಿನ ಅರ್ಜಿಯಿಂದ ತಿಳಿದುಕೊಳ್ಳುವುದು ಉಪಯುಕ್ತ. ವಿಮೆಯ ಹಣದಿಂದ ಚಿಕಿತ್ಸೆ ಪಡೆದವರೂ ಗ್ರಾಹಕರೇ. ಯಶಸ್ವಿನಿ ಅಥವಾ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಸೇರಿದವರು, ತಾವು ಜೇಬಿನಿಂದ ಕೊಡದಿದ್ದರೂ ಹಣ ಸಂದಾಯವಾದ ಸೇವೆಯ ಫಲಾನುಭವಿಗಳೆಂದು ವಾದಿಸಬಹುದು.

ಗ್ರಾಹಕ ಆಯೋಗದ ಬಾಗಿಲು ಮುಚ್ಚಿದ್ದರೂ ಸರ್ಕಾರ ಹೊಣೆಯಿಂದ ತಪ್ಪಿಸಿಕೊಳ್ಳಲಾರದು. ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹೂಡಬಹುದು. ಅದಕ್ಕೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ 2 ತಿಂಗಳ ನೋಟಿಸು ಕೊಡಬೇಕು, ಸಾವಿನ ಪ್ರಕರಣದ ದಾವೆಗೆ ಕಾಲಮಿತಿ 2 ವರ್ಷ. ಸರ್ಕಾರಿ ಆಸ್ಪತ್ರೆಯ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದು ಮಹಿಳೆ ಸತ್ತ ಪ್ರಕರಣದಲ್ಲಿ ಮಹಾರಾಷ್ಟ್ರ ಸರ್ಕಾರವನ್ನೇ ಹೊಣೆ ಮಾಡಿದ 1996ರ ಅಚ್ಯುತರಾವ್ ಖೋಡ್ವಾ ತೀರ್ಪು ಇಂಥವರಿಗೆ ಆಧಾರ. ತುರ್ತು ಚಿಕಿತ್ಸೆಯನ್ನೇ ನಿರಾಕರಿಸಿ ಅಲೆದಾಡಿಸಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಾದ 1 ವರ್ಷದೊಳಗೆ ಬರೆಯಬೇಕು. ಲಂಚ ಕೇಳಿದ್ದರೆ ಅದು ಲೋಕಾಯುಕ್ತದ ವಿಷಯ. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾಗಿಯೋ ತೊಡಕಾಗಿಯೋ ತೊಂದರೆಗೊಳಗಾದವರಿಗೆ ಸರ್ಕಾರದ ಪ್ರತ್ಯೇಕ ಪರಿಹಾರ ಯೋಜನೆಯಿದ್ದು, 90 ದಿನಗಳೊಳಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ಮೂಲಕ ಅರ್ಜಿ ಹಾಕಬೇಕು.

ವೈದ್ಯಕೀಯ ಪರಿಷತ್ತು ಮತ್ತು ಜಿಲ್ಲಾ ಪ್ರಾಧಿಕಾರ

ವೈದ್ಯರ ನೋಂದಣಿಯ ಮೇಲೆ ಕ್ರಮವಾಗಬೇಕೆಂದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬೇಕು. ಎಚ್ಚರಿಕೆ ಕೊಡುವುದರಿಂದ ಹಿಡಿದು ನಿಗದಿತ ಅವಧಿಗೆ ಹೆಸರನ್ನು ನೋಂದಣಿಯಿಂದ ತೆಗೆಯುವವರೆಗೆ ಅದಕ್ಕೆ ಅಧಿಕಾರವಿದೆ. ಪರಿಹಾರ ಕೊಡಿಸುವ ಅಧಿಕಾರವಿಲ್ಲ. ಇನ್ನು ಆಸ್ಪತ್ರೆಯ ಮೇಲಿನ ದೂರುಗಳಿಗೆ, ಅಂದರೆ ದರಪಟ್ಟಿ ಹಾಕದಿರುವುದು, ತುರ್ತಿನಲ್ಲಿ ಮುಂಗಡಕ್ಕೆ ಒತ್ತಾಯಿಸುವುದು, ನೋಂದಣಿಯಿಲ್ಲದೆ ನಡೆಸುವುದು ಮುಂತಾದವಕ್ಕೆ, ಕೆಪಿಎಂಇ ಕಾಯಿದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಅದರ ಸದಸ್ಯ ಕಾರ್ಯದರ್ಶಿ. ಅರ್ಜಿ ಕೊಟ್ಟು ಹಿಂಬರಹ ಕೇಳಿ. ಆ ವಿಚಾರಣೆಯ ವರದಿ ಗ್ರಾಹಕ ಆಯೋಗದಲ್ಲೂ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ. ಈ ಎರಡೂ ದೂರುಗಳನ್ನು ಗ್ರಾಹಕ ದೂರಿನ ಜೊತೆಜೊತೆಗೇ ನಡೆಸಬಹುದು. ಒಂದೇ ಪರಿಹಾರಕ್ಕಾಗಿ ಸಿವಿಲ್ ದಾವೆ ಮತ್ತು ಗ್ರಾಹಕ ದೂರು ಎರಡನ್ನೂ ನಡೆಸಲಾಗದು.

ಪೊಲೀಸ್ ದೂರು

ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನ ಅಪರಾಧ; ಸಾಮಾನ್ಯರಿಗೆ 5 ವರ್ಷದವರೆಗೆ ಶಿಕ್ಷೆಯಿದ್ದರೆ ನೋಂದಾಯಿತ ವೈದ್ಯರು ಚಿಕಿತ್ಸೆಯ ವೇಳೆ ಮಾಡಿದ್ದಕ್ಕೆ 2 ವರ್ಷದವರೆಗೆ. ಕ್ರಿಮಿನಲ್ ಶಿಕ್ಷೆಗೆ ಸಾಮಾನ್ಯ ಅಜಾಗರೂಕತೆ ಸಾಲದು, ಅತಿಯಾದ ನಿರ್ಲಕ್ಷ್ಯ ಬೇಕೆಂದೂ, ಅದೇ ವಿಭಾಗದ, ಮೇಲಾಗಿ ಸರ್ಕಾರಿ ಸೇವೆಯಲ್ಲಿರುವ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯದೆ ಪೊಲೀಸರು ಮುಂದುವರಿಯಬಾರದೆಂದೂ, ವೈದ್ಯರನ್ನು ವಾಡಿಕೆಯಂತೆ ಬಂಧಿಸಬಾರದೆಂದೂ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ದೂರು ಕೊಟ್ಟ ದಿನವೇ ವೈದ್ಯರನ್ನು ಒಳಗೆ ಹಾಕಲಿಲ್ಲವೆಂದು ಠಾಣೆಯ ಮುಂದೆ ಕೂರುವುದರಲ್ಲಿ ಅರ್ಥವಿಲ್ಲ. ದೂರನ್ನೇ ಸ್ವೀಕರಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಬರೆದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಸಾವಿಲ್ಲದ ಸಾಮಾನ್ಯ ಪ್ರಕರಣಗಳಲ್ಲಿ ಈ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಸಮಯ ಹೋಗುತ್ತದೆ, ನೊಂದವರ ಕೈಗೆ ಪರಿಹಾರ ಬರುವುದಿಲ್ಲ, ಅಲ್ಲಿ ಬಿಡುಗಡೆಯ ಆದೇಶವಾದರೆ ಅದನ್ನು ಆಸ್ಪತ್ರೆ ಆಯೋಗದಲ್ಲಿ ತನ್ನ ಪರವಾಗಿ ಓದುತ್ತದೆ.

ರಾಜಿಗೆ ಕರೆ ಬಂದರೆ

ಊರಿನ ಮುಖಂಡರ ಮೂಲಕವೋ ಆಸ್ಪತ್ರೆಯ ಮ್ಯಾನೇಜರ್ ಮೂಲಕವೋ ‘ಇಷ್ಟು ಕೊಡುತ್ತಾರೆ, ಮುಗಿಸಿಕೊಳ್ಳಿ’ ಎಂಬ ಮಾತು ಬರುವುದು ಸಾಮಾನ್ಯ. ರಾಜಿ ತಪ್ಪಲ್ಲ, ಎಷ್ಟೋ ಕುಟುಂಬಗಳಿಗೆ ಅದೇ ಸರಿಯಾದ ದಾರಿ. ಆದರೆ ಶವ ಇನ್ನೂ ಶವಾಗಾರದಲ್ಲಿರುವಾಗ ಸಹಿ ಹಾಕಬೇಡಿ, ಖಾಲಿ ಛಾಪಾಕಾಗದಕ್ಕೆ ಎಂದಿಗೂ ಹಾಕಬೇಡಿ. ಹಣ ನಗದಾಗಿ ಬೇಡ, ಬ್ಯಾಂಕ್ ಖಾತೆಗೇ ಬರಲಿ. ಬಿಲ್ಲು ಮನ್ನಾ ಮಾಡಿದ್ದನ್ನೇ ಪರಿಹಾರವೆಂದು ಬರೆಸಿಕೊಂಡು ‘ಇನ್ನು ಯಾವ ಹಕ್ಕೂ ಇಲ್ಲ’ ಎಂಬ ಸಾಲು ಸೇರಿಸುತ್ತಾರೆಯೇ ನೋಡಿ. ಆ ಸಾಲಿನ ನಂತರ ಆಯೋಗದಲ್ಲಿ ಹೋರಾಡುವುದು ಬಹಳ ಕಷ್ಟ. ಮುಂದಿನ ಚಿಕಿತ್ಸೆಯ ಖರ್ಚು ಎಷ್ಟೆಂದು ತಿಳಿಯದ ಹಂತದಲ್ಲಿ, ವಿಶೇಷವಾಗಿ ಹೆರಿಗೆಯ ವೇಳೆ ಮೆದುಳಿಗೆ ಪೆಟ್ಟಾದ ಮಗುವಿನ ವಿಷಯದಲ್ಲಿ, ಮಕ್ಕಳ ನರರೋಗ ತಜ್ಞರಿಂದ ಲಿಖಿತ ಅಂದಾಜು ಪಡೆಯದೆ ಯಾವ ಮೊತ್ತಕ್ಕೂ ಒಪ್ಪಬೇಡಿ. ಸಿವಿಲ್ ದಾವೆಯಲ್ಲಿ ಅಪ್ರಾಪ್ತರ ಪರವಾಗಿ ಮಾಡುವ ರಾಜಿಗೆ ನ್ಯಾಯಾಲಯದ ಅನುಮತಿ ಕಡ್ಡಾಯವಾದ್ದರಿಂದ, ಅಂಥ ಮಗುವಿನ ರಾಜಿಯನ್ನು ನ್ಯಾಯಾಲಯ ಅಥವಾ ಆಯೋಗದ ಎದುರೇ ದಾಖಲಿಸಿ, ಹಣವನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡುವಂತೆ ಆದೇಶ ಕೇಳಿಕೊಳ್ಳಿ.